ಅಣೆಕಟ್ಟಿನ ಕೊನೆಯ ಸಾಹಸ

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಅಣೆಕಟ್ಟು ಎಂದೇ ಕರೆಯುತ್ತಿದ್ದರು. ಬೇರೆ ವೀರರು ಕೋಟೆಗಳನ್ನು ಗೆದ್ದರು. ಈ ಡ್ರೈವರ್ ತನ್ನ ಮೂತ್ರಕೋಶವನ್ನು ಗೆದ್ದಿದ್ದ. ಬೆಳಗ್ಗೆ ಸ್ಟೀರಿಂಗ್ ಹಿಡಿದರೆ ಕೊನೆಯ ನಿಲ್ದಾಣದವರೆಗೆ ಸೀಟು ಬಿಟ್ಟು ಏಳುತ್ತಿರಲಿಲ್ಲ. ಪ್ರಯಾಣಿಕರು ಗೋಗರೆದರೂ ಬಸ್ಸು ನಿಲ್ಲುತ್ತಿರಲಿಲ್ಲ. “ಸ್ವಲ್ಪ ತಡ್ಕೊಳ್ಳಿ, ನಾನಿಲ್ವಾ?” ಎನ್ನುತ್ತಿದ್ದ.

ನಿವೃತ್ತಿಯ ಹೊಸ್ತಿಲಲ್ಲಿ ಮೂತ್ರದಲ್ಲಿ ರಕ್ತ ಕಾಣಿಸಿತು. ಗೆದ್ದ ರಾಜ್ಯದಲ್ಲೇ ಕ್ಯಾನ್ಸರ್ ದಂಗೆಯೆದ್ದಿತ್ತು. ಗಡ್ಡೆಯನ್ನು ಕೆರೆದು ತೆಗೆದ ಡಾಕ್ಟರಮ್ಮ, ಅದು ಮರಳದಿರಲೆಂದು ಕ್ಷಯದ ಲಸಿಕೆಯನ್ನು ವಾರಕ್ಕೊಮ್ಮೆ ಮೂತ್ರಕೋಶದೊಳಗೇ ತುಂಬುವುದಾಗಿ ಹೇಳಿದರು. ಇದು ಫಲಿಸದಿದ್ದರೆ ಮೂತ್ರಕೋಶವನ್ನೇ ತೆಗೆಯಬೇಕು.

“ಕ್ಯಾನ್ಸರಿಗೆ ಕ್ಷಯದ ಮದ್ದಾ?” ಎಂದಳು ಹೆಂಡತಿ.

“ಮೈಯಲ್ಲಿ ಕಾವಲು ಕಾಯೋ ಜೀವಕೋಶಗಳಿವೆ ಅಮ್ಮ. ಈ ಲಸಿಕೆ ಕೆಣಕಿದ್ರೆ ಅವು ಶಕ್ತಿಗಾಗಿ ಸಕ್ಕರೆ ಉರಿಸೋ ರೀತಿನೇ ಬದಲಾಗುತ್ತೆ. ಆ ಬದಲಾವಣೆ ನೆನಪಿನ ಹಾಗೆ ಉಳಿಯುತ್ತೆ. ಆಮೇಲೆ ಕ್ಯಾನ್ಸರ್ ಕಂಡ್ರೆ ಜೋರಾಗಿ ಅದರ ಮೇಲೆ ಬೀಳ್ತವೆ,” ಎಂದರು ಡಾಕ್ಟರಮ್ಮ.

“ಅಂದ್ರೆ ಇಂಜಿನ್ ಆಫ್ ಮಾಡದೆ ಕಾಯೋದು,” ಎಂದ ಅಣೆಕಟ್ಟು.

“ಹಾಗೇ ಅನ್ಕೊಳ್ಳಿ. ಮದ್ದು ತುಂಬಿದ್ಮೇಲೆ ಎರಡು ಗಂಟೆ ಮೂತ್ರ ತಡ್ಕೊಂಡು ಆಮೇಲೆ ಹೋಗಿಬಿಡಿ.”

ಎರಡೇ ಗಂಟೆ. ತನ್ನಂಥವನಿಗೆ ಈ ಮಾತೇ? ಅಷ್ಟರಲ್ಲೇ ಪಾಠ ಕಲಿಯುವ ಕಾವಲಿನವರು ಇಡೀ ದಿನ ಹಿಡಿದಿಟ್ಟರೆ ಇನ್ನೆಷ್ಟು ಕಲಿತಾರು? ಮೊದಲ ಸಲ ಮದ್ದು ತುಂಬಿಸಿಕೊಂಡು ಮನೆಗೆ ಬಂದವನು ಕುರ್ಚಿಯಲ್ಲಿ ಸ್ಟೀರಿಂಗ್ ಹಿಡಿದವನಂತೆ ಕೂತ. ಹಣೆಯಲ್ಲಿ ಬೆವರೊಡೆಯಿತು.

“ರೀ, ಹೊತ್ತಾಯ್ತು, ಎದ್ದು ಹೋಗಿ.”

“ಸುಮ್ನಿರೇ, ಒಳಗೆ ಟ್ರೈನಿಂಗ್ ನಡೀತಿದೆ.”

“ಟ್ರೈನಿಂಗ್ ಅವಕ್ಕೆ. ನಿಮಗಲ್ಲ.”

ಪ್ರತಿ ಸಲವೂ ಸಂಜೆಯವರೆಗೆ ಹಿಡಿದ. ಉರಿಯನ್ನು ಪದಕದಂತೆ ಧರಿಸಿದ. ಮೂತ್ರಕೋಶದ ಒಳಗೋಡೆ ಹುಣ್ಣಾಯಿತು. ಲಸಿಕೆಯಲ್ಲಿದ್ದ ಜೀವಂತ ರೋಗಾಣು ರಕ್ತಕ್ಕಿಳಿದು ಚಳಿಜ್ವರ ಹಿಡಿಯಿತು. ಡಾಕ್ಟರಮ್ಮ ಚಿಕಿತ್ಸೆಯನ್ನೇ ನಿಲ್ಲಿಸಬೇಕಾಯಿತು. ಕಾವಲಿನವರ ಪಾಠ ಮುಗಿಯುವ ಮೊದಲೇ ಶಾಲೆಗೆ ಬೀಗ ಬಿತ್ತು. ಗಡ್ಡೆ ಮರಳಿತು, ಮೂತ್ರಕೋಶ ಹೋಯಿತು, ಹೊಟ್ಟೆಯ ಪಕ್ಕಕ್ಕೆ ಮೂತ್ರ ಸೇರುವ ಚೀಲವೊಂದು ಅಂಟಿಕೊಂಡಿತು.

ಮೊನ್ನೆ ತಪಾಸಣೆ ಮುಗಿಸಿ ಹೆಂಡತಿಯೊಡನೆ ಬಸ್ಸಿನಲ್ಲಿ ಬರುವಾಗ ಚೀಲ ತುಂಬಿ ಉಬ್ಬಿತು, ಅಂಚಿನ ಅಂಟು ಬಿಡತೊಡಗಿತು. ಅವನು ಕಂಬಿ ಹಿಡಿದುಕೊಂಡು ಮುಂದೆ ಹೋದ.

“ಒಂಚೂರು ನಿಲ್ಸಪ್ಪಾ.”

ಡ್ರೈವರ್ ತಿರುಗಿಯೂ ನೋಡಲಿಲ್ಲ. “ಸ್ವಲ್ಪ ತಡ್ಕೊಳ್ಳಿ ಯಜಮಾನ್ರೇ, ಮುಂದೆ ಸ್ಟ್ಯಾಂಡ್ ಬರುತ್ತೆ.”

ತಡೆದುಕೊಳ್ಳಲು ಒಳಗೆ ಏನೂ ಉಳಿದಿರಲಿಲ್ಲ. ಬೆಚ್ಚಗಿನದು ತೊಡೆಗುಂಟ ಇಳಿಯಿತು. ಮರಳಿ ಬಂದು ಕೂತವನ ಮಡಿಲಿಗೆ ಹೆಂಡತಿ ಟವೆಲ್ ಹೊದಿಸಿದಳು.

“ನಿಮ್ಮ ಶಿಷ್ಯನೇ ಇರ್ಬೇಕು,” ಎಂದು ಕಿಟಕಿಯತ್ತ ಮುಖ ತಿರುಗಿಸಿದಳು.