ಹೂವಪ್ಪಣ್ಣನೂ ಮೂರನೇ ಗೇರಿನ ಕಾರೂ

ಕಾಪುವಿನ ಹೆದ್ದಾರಿ ಬದಿಯ ತಗಡಿನ ಶೆಡ್ಡಿನಲ್ಲಿ ಹೂವಪ್ಪ ಇಪ್ಪತ್ತೆರಡು ವರ್ಷಗಳಿಂದ ಆಟೊಮ್ಯಾಟಿಕ್ ಗೇರ್‌ಬಾಕ್ಸುಗಳ ಹೊಟ್ಟೆ ಬಗೆಯುತ್ತಿದ್ದಾನೆ. ಹುಟ್ಟಿದ್ದು ಮೀನುಗಾರರ ಮನೆಯಲ್ಲಿ, ಕೈ ಪಳಗಿದ್ದು ಮಲ್ಪೆಯ ಬೋಟುಗಳ ಇಂಜಿನ್ನಿನ ಮೇಲೆ, ಆಮೇಲೆ ಹತ್ತು ವರ್ಷ ದುಬೈಯ ಗ್ಯಾರೇಜು. ಅಲ್ಲಿಂದ ಬಂದವರೆಲ್ಲ ಚಿನ್ನ ತಂದರು, ಸೆಂಟು ತಂದರು. ಇವನು ತಂದದ್ದು ಒಂದು ಪೆಟ್ಟಿಗೆ ಸ್ಪ್ಯಾನರು ಮತ್ತು ಗೇರ್ ಎಣ್ಣೆ ಮೂಸಿ ಕಾಯಿಲೆ ಹೇಳುವ ಮೂಗು.

ಮೂಗು ಚುರುಕಾದರೂ ನಾಲಗೆ ಮಾತ್ರ ಬಹಳ ಹುಷಾರು. "ಇದು ನಿಮ್ಮದೇ ತಪ್ಪು" ಎಂದು ಅವನು ಯಾವ ಗಿರಾಕಿಗೂ ಹೇಳಿದವನಲ್ಲ. ತಪ್ಪೆಲ್ಲ ಇಲಿಯದು. ನೆರೆನೀರಿಗೆ ಕಾರು ಇಳಿಸಿದ ಡಾಕ್ಟರರಿಗೂ, ಗೇರ್ ಎಣ್ಣೆಯ ಜಾಗಕ್ಕೆ ಇಂಜಿನ್ ಎಣ್ಣೆ ಹೊಯ್ದ ಮೇಷ್ಟ್ರಿಗೂ ಒಂದೇ ಸಮಾಧಾನ: "ಇಲಿ ವಯರ್ ಕಡಿದದ್ದು, ಎಂತ ಮಾಡುವುದು!" ಅಷ್ಟು ವಯರನ್ನು ನಿಜವಾಗಿ ತಿಂದಿದ್ದರೆ ಕಾಪುವಿನ ಇಲಿಗಳು ಇಷ್ಟರಲ್ಲಿ ಹಂದಿಗಳಷ್ಟಾಗಬೇಕಿತ್ತು. ಅಂತೂ ಗಿರಾಕಿಯ ಮರ್ಯಾದೆ ಉಳಿಯುತ್ತಿತ್ತು, ಹೂವಪ್ಪನ ಶೆಡ್ಡು ನಡೆಯುತ್ತಿತ್ತು.

ಇಂಥವನ ಶೆಡ್ಡಿಗೆ ಒಂದು ಸೋಮವಾರ ಶಿರ್ವದಿಂದ ಒಂದು ಹಳದಿ ಸ್ಪೋರ್ಟ್ಸ್ ಕಾರು ಟ್ರಕ್ಕಿನ ಮೇಲೇರಿ ಬಂತು. ಕಾರು ಪ್ರತೀಕನದು, ಪ್ರತೀಕ ಮಸ್ಕತ್‌ನಿಂದ ಮರಳಿದ ಕರುಣಾಕರಣ್ಣನವರ ಒಬ್ಬನೇ ಮಗ. ಕಂಪನಿಯವರು ಮಾಡಿಕೊಟ್ಟ ವೇಗ ಶಿರ್ವದ ತಿರುವು ರಸ್ತೆಗೆ ಸಾಲದೆಂದು ಅವನು ಅದಕ್ಕೆ ಟರ್ಬೊ ಹಾಕಿಸಿದ್ದ. ಟರ್ಬೊಗೆ ಗಾಳಿ ಬೇಕೆಂದು ಬಾನೆಟ್ಟಿನಲ್ಲಿ ಮೊರದಗಲದ ತೂತು ಕೊರೆಸಿದ್ದ. ಜಾಗ ಇಕ್ಕಟ್ಟಾಯಿತೆಂದು, ಗೇರ್‌ಬಾಕ್ಸಿಗೆ ಆಜ್ಞೆ ಕೊಡುವ ಕಂಪ್ಯೂಟರ್ ಪೆಟ್ಟಿಗೆಯನ್ನು ಅದರ ಭದ್ರ ಮೂಲೆಯಿಂದ ಕಿತ್ತು ಸರಿಯಾಗಿ ಆ ತೂತಿನ ಕೆಳಗೇ ಕೂರಿಸಿದ್ದರು. ಮಳೆಯ ಭಯವೇನೂ ಇರಲಿಲ್ಲ. ನಾಲ್ಕು ಹನಿ ಬಿದ್ದರೆ ಸಾಕು, ಕಾರು ಪೋರ್ಟಿಕೋದಲ್ಲಿ ಹೊದಿಕೆ ಹೊದ್ದು ಮಲಗುತ್ತಿತ್ತು, ಪ್ರತೀಕ ಬೈಕಿನಲ್ಲಿ ನೆನೆದುಕೊಂಡು ಹೋಗುತ್ತಿದ್ದ.

ಈಗ ಕಾರಿಗೆ ಬಂದ ಕಾಯಿಲೆ ವಿಚಿತ್ರವಾಗಿತ್ತು. ಹತ್ತು ಮಾರು ಹೋಗುವಷ್ಟರಲ್ಲಿ ಧಡಕ್ಕೆಂದು ಮೂರನೇ ಗೇರಿಗೆ ಬಿದ್ದು ಅಲ್ಲೇ ಕೂತುಬಿಡುತ್ತಿತ್ತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮಣಿಪಾಲದ ಒಂದು ಗಾಜಿನ ಗೋಡೆಯ ವರ್ಕ್‌ಶಾಪಿನವರು ಎಸಿ ಕೋಣೆಯಲ್ಲಿ ಕಾಫಿ ಕೊಟ್ಟು, ಗೇರ್‌ಬಾಕ್ಸೇ ಬದಲಿಸಬೇಕು, ಹಡಗಿನಲ್ಲಿ ಬರಲು ನಾಲ್ಕು ತಿಂಗಳು ಬೇಕು ಎಂದಿದ್ದರು.

"ಮದುವೆಯವರೆಗೆ ಕಾರಿಗೆ ಎಂತದೂ ಇರಲಿಲ್ಲ ಹೂವಪ್ಪಣ್ಣ," ಎಂದು ಶುರುಮಾಡಿದರು ಪ್ರತೀಕನ ತಾಯಿ ಹರಿಣಾಕ್ಷಿ. "ಕಾರ್ಕಳದಿಂದ ಮದುಮಗಳನ್ನು ಕೂರಿಸಿಕೊಂಡು ಬರುವಾಗ ಬೆಳ್ಮಣ್‌ನಲ್ಲಿ ಮೊದಲ ಸಲ ಹೀಗಾಯಿತು. ಕಾಲ್ಗುಣ ಅಂತ ಒಂದು ಉಂಟಲ್ವಾ?"

ಆ ಕಾಲ್ಗುಣದ ಒಡತಿ ಶೆಡ್ಡಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದಳು. ಚೈತಾಲಿ ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು, ಮದುವೆಯಾಗಿ ಇನ್ನೂ ಐದು ವಾರ. ಕಾರು ಸ್ಟಾರ್ಟ್ ಮಾಡುವಾಗ ಅವಳು ಅಡುಗೆಮನೆಗೆ ಹೋಗಬೇಕು, ಎದುರು ಬರಬಾರದು ಎಂಬುದು ಮನೆಯ ಹೊಸ ಕಾನೂನು.

"ಒಳಗೆ ಬನ್ನಿ ಅಮ್ಮ, ಬಿಸಿಲುಂಟು," ಎಂದು ಹೂವಪ್ಪ ಕರೆದ.

"ಬೇಡ, ಬೇಡ, ದೂರವೇ ಇರಲಿ," ಎಂದು ಹರಿಣಾಕ್ಷಿ ತಡೆದರು. "ಆದಿತ್ಯವಾರ ಇವಳನ್ನು ಕಾರ್ಕಳಕ್ಕೆ ಬಿಟ್ಟು ಬರುತ್ತೇವೆ. ದೋಷ ಕಳೆಯುವವರೆಗೆ ತಾಯಿಮನೆಯಲ್ಲಿರಲಿ. ನಮಗೇನೂ ಕೋಪವಿಲ್ಲ ಮಾರಾಯ್ರೆ, ಅವಳ ಒಳ್ಳೆಯದಕ್ಕೇ."

ಚೈತಾಲಿ ಕೇಳಿಸದವಳಂತೆ ರಸ್ತೆ ನೋಡುತ್ತಿದ್ದಳು. ಪ್ರತೀಕ ಕಾರಿನ ಟಯರು ನೋಡುತ್ತಿದ್ದ. ಐದು ವಾರದ ಗಂಡ, ಒಂದು ಮಾತು ಬೇಡವೇ! ಹೂವಪ್ಪನಿಗೆ ಮೈಯೆಲ್ಲ ಉರಿಯಿತು, ಆದರೆ ಅಭ್ಯಾಸಬಲದಿಂದ ಬಾಯಿ ಮುಚ್ಚಿಕೊಂಡ.

ಅವರು ಹೋದ ಮೇಲೆ ಎಣ್ಣೆ ಅಳೆಯುವ ಕಡ್ಡಿ ಎಳೆದು ಗೇರ್ ಎಣ್ಣೆ ಮೂಸಿದ. ಕೆಂಪಗೆ, ಶುದ್ಧವಾಗಿತ್ತು, ಸುಟ್ಟ ವಾಸನೆಯ ಸುಳಿವೇ ಇಲ್ಲ. ಚಪ್ಪಲಿ ಕಳಚಿ, ಬರಿಗಾಲಿನಲ್ಲಿ ಕಾರು ಓಡಿಸಿದ. ಗೇರು ಬದಲಾಗುವ ಅದುರು ಅಂಗಾಲಿಗೆ ತಿಳಿಯಬೇಕು ಎಂಬುದು ಅವನ ಕ್ರಮ. ಮೊದಲ ಹತ್ತು ಮಾರು ಬೆಣ್ಣೆಯಂತೆ ಹೋಯಿತು, ಆಮೇಲೆ ಧಡಕ್. ಸ್ಕ್ಯಾನರ್ ಸಿಕ್ಕಿಸಿದರೆ ಅದು ಬೆಳಿಗ್ಗೆ ಒಂದು ದೂರು ಹೇಳಿತು, ಮಧ್ಯಾಹ್ನ ಇನ್ನೊಂದು. ಹೂವಪ್ಪನಿಗೆ ಅರ್ಧ ಗೊತ್ತಾಯಿತು. ಗೇರ್‌ಬಾಕ್ಸು ಗಟ್ಟಿಮುಟ್ಟಾಗಿದೆ, ಅದಕ್ಕೆ ಆಜ್ಞೆ ಕೊಡುವ ಪೆಟ್ಟಿಗೆಗೆ ತಲೆ ಕೆಟ್ಟಿದೆ. ಆಜ್ಞೆ ಸಿಗದ ಗೇರ್‌ಬಾಕ್ಸು, ಪಾಪ, ಮನೆ ಸೇರಿದರೆ ಸಾಕೆಂದು ಮೂರನೇ ಗೇರನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ.

ಉಳಿದರ್ಧವನ್ನು ಬುಧವಾರ ಇರುವೆಗಳು ಹೇಳಿದವು. ಬಾನೆಟ್ ಎತ್ತಿದರೆ ಚಕ್ರದ ಪಕ್ಕದಿಂದ ಒಂದು ಸಾಲು ಹೊರಟು ನೇರ ಆ ಪೆಟ್ಟಿಗೆಯ ಪ್ಲಗ್ಗಿನೊಳಗೆ ಹೋಗುತ್ತಿತ್ತು. ಕಾರಿನಲ್ಲಿ ಇರುವೆಗೆ ಎಂತ ಕೆಲಸ? ಪ್ಲಗ್ ಬಿಚ್ಚಿದ. ಪಿನ್ನುಗಳಿಗೆಲ್ಲ ಹಸಿರು ಕಿಲುಬು, ಅಂಟು ಅಂಟು. ಮೂಸಿದ. ಎಣ್ಣೆಯಲ್ಲ, ಆಸಿಡ್ ಅಲ್ಲ, ಹುಳಿ ಬಂದ ಸೀಯಾಳದ ನೀರು! ಹೂವಪ್ಪ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಪ್ರತೀಕನಿಗೆ ಫೋನ್ ಮಾಡಿದ.

"ಸೀಯಾಳವಾ? ಅಪ್ಪ ಪೂಜೆ ಮಾಡಿದ್ದಷ್ಟೆ," ಎಂದ ಪ್ರತೀಕ. "ಮದುವೆಯ ಬೆಳಿಗ್ಗೆ ಹೊರಡುವ ಮೊದಲು ಒಂದು. ಕಾರು ಕೆಟ್ಟ ಮೇಲೆ ದೋಷಕ್ಕೆ ಐದು. ಅದಕ್ಕೂ ಸರಿಯಾಗದ್ದಕ್ಕೆ ಹನ್ನೊಂದು."

"ಭಟ್ಟರು ಹೇಳಿದ್ದಾ?"

"ಭಟ್ಟರು ನಾಲ್ಕು ಹನಿ ಚಿಮುಕಿಸಿದರೆ ಸಾಕು ಅಂದಿದ್ದರು. ಅಪ್ಪನಿಗೆ ಅದು ಸಣ್ಣದಾಯಿತು."

ಕಾರಿಗೂ ಅಭಿಷೇಕ! ಅದೂ ಬಾನೆಟ್ಟಿನ ತೂತಿಗೇ ಸರಿಯಾಗಿ! ಒಂದು ಸೀಯಾಳಕ್ಕೆ ಕೆಟ್ಟದ್ದನ್ನು ಐದರಿಂದ ಸರಿಮಾಡಲು ಹೊರಟು, ಐದಕ್ಕೆ ಇನ್ನಷ್ಟು ಕೆಟ್ಟದ್ದನ್ನು ಹನ್ನೊಂದರಿಂದ ಮುಗಿಸಿದ್ದರು ಪುಣ್ಯಾತ್ಮರು. ಹೂವಪ್ಪ ಪಿನ್ನುಗಳನ್ನು ತೊಳೆದ, ಪ್ಲಗ್ ಬದಲಿಸಿದ, ಪೆಟ್ಟಿಗೆಯನ್ನು ಮೊದಲಿನ ಭದ್ರ ಮೂಲೆಗೆ ಸೇರಿಸಿದ. ಶನಿವಾರ ಕಾರ್ಕಳದವರೆಗೆ ಹೋಗಿ ಬಂದ. ಎಲ್ಲಾ ಗೇರುಗಳೂ ಒಂದರ ಹಿಂದೊಂದು ಸದ್ದಿಲ್ಲದೆ ಬಿದ್ದವು.

ಆದಿತ್ಯವಾರ ಮನೆಮಂದಿಯೆಲ್ಲ ಇನ್ನೊಂದು ಕಾರಿನಲ್ಲಿ ಬಂದರು. ಅದರ ಹಿಂದಿನ ಸೀಟಿನಲ್ಲಿ ಚೈತಾಲಿ, ಅವಳ ತೊಡೆಯ ಮೇಲೆ ದೊಡ್ಡ ಬ್ಯಾಗು. ಇಲ್ಲಿಂದ ನೇರ ಕಾರ್ಕಳಕ್ಕೆ ಎಂದು ತೀರ್ಮಾನವಾಗಿತ್ತು.

"ಸರಿಯಾಯಿತಾ! ಇಲಿ ಅಲ್ವಾ?" ಎಂದರು ಕರುಣಾಕರಣ್ಣ ಉತ್ಸಾಹದಿಂದ. ಹೂವಪ್ಪನ ಇಲಿಯ ಕೀರ್ತಿ ಶಿರ್ವಕ್ಕೂ ಮುಟ್ಟಿತ್ತು.

ಹೂವಪ್ಪನ ಬಾಯಲ್ಲಿ ಇಲಿ ಸಿದ್ಧವಾಗಿಯೇ ಇತ್ತು. ಹೌದು ಎಂದರೆ ಮುಗಿಯಿತು, ಎಲ್ಲರಿಗೂ ಸಂತೋಷ. ಅಷ್ಟರಲ್ಲಿ ಹರಿಣಾಕ್ಷಿ ನಿಟ್ಟುಸಿರು ಬಿಟ್ಟರು. "ನೋಡಿ, ಇಷ್ಟು ವರ್ಷ ನಮ್ಮಲ್ಲಿ ಇಲಿ ಇರಲಿಲ್ಲ. ಅದೂ ಇವಳು ಬಂದ ಮೇಲೆಯೇ."

"ಇಲಿ ಅಲ್ಲ ಅಕ್ಕ!" ಹೂವಪ್ಪನ ಸ್ವರ ಅವನಿಗೇ ಗುರುತು ಸಿಗದಷ್ಟು ಏರಿತ್ತು. "ಸೀಯಾಳ. ನಿಮ್ಮ ಯಜಮಾನರು ಹೊಯ್ದದ್ದು. ಈ ಹುಡುಗಿ ಕಾರು ಹತ್ತುವ ಮೊದಲೇ ಅದು ಒಳಗೆ ಇಳಿದಾಗಿತ್ತು. ಬೇಕಾದರೆ ಮೂಸಿ ನೋಡಿ." ಹಸಿರುಗಟ್ಟಿದ ಹಳೆಯ ಪ್ಲಗ್ಗನ್ನು ಕರುಣಾಕರಣ್ಣನವರ ಮೂಗಿನ ಕೆಳಗೆ ಹಿಡಿದ.

ಅವರು ಮೂಸಿದರು. ಬಹಳ ಹೊತ್ತು ಮೂಸಿದರು. "ದೇವರ ಕೆಲಸದಿಂದ ಕೆಡುತ್ತದಾ?" ಎಂದರು.

"ದೇವರಿಗೆ ಹೊಯ್ದದ್ದಲ್ಲ ಅಣ್ಣ, ಕಂಪ್ಯೂಟರಿಗೆ ಹೊಯ್ದದ್ದು."

ಇನ್ನೀಗ ಆ ಹುಡುಗಿಗೆ ಯಾರಾದರೂ ಒಂದು ಮಾತು ಹೇಳಿಯಾರು ಎಂದು ಹೂವಪ್ಪ ಕಾದ. ಹರಿಣಾಕ್ಷಿ ಸೆರಗು ಸರಿಮಾಡಿಕೊಂಡರು. "ಅಷ್ಟಕ್ಕೂ ಇವಳಿಗೆ ನಾವು ಎಂತ ಹೇಳಿದ್ದೇವೆ? ಅಲ್ವಾ ಚೈತಾಲಿ? ತಾಯಿಮನೆಗೆ ಹೋಗಲಿ ಅಂದದ್ದು ಸುಮ್ಮನೆ, ಎರಡು ದಿನ ಇದ್ದು ಬರಲಿ ಅಂತ." ಕರುಣಾಕರಣ್ಣ ಹೂವಪ್ಪನ ಬೆನ್ನು ತಟ್ಟಿದರು. "ಏನೇ ಹೇಳಿ, ನಿಮ್ಮ ಕೈಗುಣವೇ ದೊಡ್ಡದು." ಪ್ರತೀಕ ಕಾರು ಸ್ಟಾರ್ಟ್ ಮಾಡಿ, ಸೈಲೆನ್ಸರಿನ ಗುಡುಗು ಕೇಳಿ ಮುಗುಳ್ನಕ್ಕ. ಅಷ್ಟೇ, ಮುಗಿಯಿತು. ಹೂವಪ್ಪನಿಗೆ ನಾಚಿಕೆಯಾಯಿತು, ಅವರ ಪರವಾಗಿಯೂ ಸೇರಿಸಿ.

ಚೈತಾಲಿ ಬ್ಯಾಗನ್ನು ಸೀಟಿನಲ್ಲೇ ಬಿಟ್ಟು ಕಾರಿನಿಂದ ಇಳಿದಳು. ಯಾರನ್ನೂ ಕೇಳದೆ ನೇರ ಶೆಡ್ಡಿನ ಒಳಗೆ ಬಂದಳು.

"ಆ ಹಳೆಯ ಪ್ಲಗ್ ನನಗೆ ಕೊಡಿ ಅಂಕಲ್."

"ಅದು ಹಾಳಾದದ್ದು ಅಮ್ಮ. ಎಂತಕ್ಕೆ?"

"ಇನ್ನೊಮ್ಮೆ ಕಾಲ್ಗುಣ ಅಂದರೆ ಮೂಸಲು ಕೊಡಲಿಕ್ಕೆ. ಮನೆಯ ಗ್ರೈಂಡರ್ ನಿನ್ನೆಯಿಂದ ಸದ್ದು ಮಾಡುತ್ತಾ ಉಂಟು."