ತೋಳು ಕೂಡಿಸುವುದು

ನಮ್ಮಕ್ಕ ದರ್ಜಿ. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತದೆ. ನಾನು ಅವಳ ತಂಗಿ, ನನಗೂ ಕೋಪ ಕಡಿಮೆಯೇನಿಲ್ಲ. ಅಕ್ಕನ ಕಣ್ಣಿನ ನರ ಸಾಯುತ್ತಿದೆ, ಉಳಿಸೋಕಾಗಲ್ಲ ಎಂದು ಡಾಕ್ಟರು ಹೇಳಿದ ದಿನವೇ ಅವಳು ಸೊಸೆಯನ್ನು ಕರೆದು ಮಷೀನಿನ ಮುಂದೆ ಕೂರಿಸಿದಳು. ಮನೆ ನಡೆಯುತ್ತಿದ್ದುದೇ ಆ ಹೊಲಿಗೆಯಂಗಡಿಯಿಂದ. ಅಕ್ಕನ ಕಣ್ಣು ಪೂರ್ತಿ ಹೋಗುವುದರೊಳಗೆ ಸೊಸೆ ಕಲಿಯಲೇಬೇಕಿತ್ತು. ಆ ಹುಡುಗಿಯೋ, ಕಿತ್ತುಹೋದ ಗುಂಡಿಯನ್ನೂ ಹಾಕಿದವಳಲ್ಲ.

ಅಕ್ಕ ಕಲಿಸಿದ ಚೆಂದ ನೋಡಬೇಕಿತ್ತು. ತೋಳು ಬಿಚ್ಚಿದ ಅಂಗಿಯೊಂದನ್ನು ಅವಳ ಮಡಿಲಿಗೆ ಎಸೆದು, "ಕೂಡ್ಸು. ನೀರಿಗಿಳೀದೆ ಈಜು ಬರಲ್ಲ" ಅಂದಳು. ಸೊಸೆ ಎಡತೋಳನ್ನು ಬಲಕ್ಕೆ ಕೂಡಿಸಿದಳು. ಬಿಚ್ಚು, ಮತ್ತೆ ಹೊಲಿ. ತಿಂಗಳುಗಟ್ಟಲೆ ಇದೇ ಕಥೆ. ಬಟ್ಟೆ ಚಿಂದಿಯಾಯಿತು, ಬೆರಳಿಗೆ ಸೂಜಿ ಇಳಿಯಿತು, ಕೆಲಸ ಮಾತ್ರ ಕೈಗೆ ಹತ್ತಲಿಲ್ಲ.

ನೋಡಿ ನೋಡಿ ಒಂದು ದಿನ ನನಗೆ ಮೈ ಉರಿಯಿತು.

"ಒಂದ್ಸಲ ಹೊಲಿದು ತೋರಿಸ್ಬಾರ್ದೇನೇ?"

"ನನ್ನ ಮಗಳಿಗೆ ಯಾರು ತೋರಿಸಿದ್ರು? ಬಿಚ್ಚಿ ಕೊಟ್ಟೆ, ಸಂಜೆಯೊಳಗೆ ಕೂಡ್ಸಿದ್ಲು. ಮೀನಿನ ಮರಿಗೆ ಈಜು ಕಲಿಸ್ಬೇಕಾ?"

ಆ ಮಗಳು ಜ್ವರದಲ್ಲಿ ತೀರಿಕೊಂಡು ವರ್ಷಗಳಾಗಿದ್ದವು. ಅವಳ ಮಾತು ಬಂದರೆ ನಾವ್ಯಾರೂ ಎದುರಾಡುತ್ತಿರಲಿಲ್ಲ. ಆವತ್ತು ಮಾತ್ರ ನನ್ನ ನಾಲಿಗೆ ನಿಲ್ಲಲಿಲ್ಲ.

"ತೋರಿಸ್ಲಿಲ್ವಾ? ಅಂಬೆಗಾಲಿಡೋವಾಗಿಂದ ನಿನ್ನ ಮಷೀನಿನ ಕೆಳಗೇ ಬೆಳೀತಲ್ಲೇ ಅದು! ಚೂರುಪಾರು ಬಟ್ಟೆಲಿ ಗೊಂಬೆಗೆ ತೋಳು ಹೊಲೀತಿತ್ತು. ನೀನು ಅಂಗಿ ಕೊಡೋ ಹೊತ್ತಿಗೆ ಅದು ಅರ್ಧ ದರ್ಜಿ! ಅದು ಮೀನಿನ ಮರಿ, ಸರಿ. ಇದು ಬೆಕ್ಕಿನ ಮರಿ ಕಣೇ. ಬಾವಿಗೆ ಎಸೆದು ಈಜು ಅಂತೀಯಲ್ಲ!"

ಅಕ್ಕ ಅತ್ತುಬಿಟ್ಟಳು. ಮಗಳು ಹೋದಾಗಲೂ ನಮ್ಮೆದುರು ಕಣ್ಣೀರು ಹಾಕಿದವಳಲ್ಲ. ಸ್ವಲ್ಪ ಹೊತ್ತಿನ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಬಾರಮ್ಮ, ಪಕ್ಕದಲ್ಲಿ ಕೂತ್ಕೋ. ನಾನು ಮಾಡ್ತೀನಿ, ನೀನು ಸುಮ್ನೆ ನೋಡ್ತಿರು" ಎಂದು ಸೊಸೆಯನ್ನು ಕರೆದಳು.

ಹೊಸ ಬಟ್ಟೆ ಹಾಸಿದಳು. ಮುಖವನ್ನು ಬಟ್ಟೆಗೆ ತಾಗುವಷ್ಟು ಬಗ್ಗಿಸಿ ಸೀಮೆಸುಣ್ಣದ ಗೆರೆ ಎಳೆದಳು, ಕತ್ತರಿಸಿದಳು, ತೋಳು ಕೂಡಿಸಿದಳು. ಪ್ರತಿಯೊಂದನ್ನೂ ಬಿಡಿಸಿ ಹೇಳುತ್ತಾ ಹೋದಳು. ಅಷ್ಟು ಮೆತ್ತಗೆ ಅವಳು ಮಾತಾಡಿದ್ದು ನಾನು ಕೇಳಿರಲೇ ಇಲ್ಲ. ಕೊನೆಗೆ ಅಂಗಿಯ ಹೆಗಲ ಮೇಲೆ ಕೈಯಾಡಿಸಿ, ಅದನ್ನು ಸೊಸೆಯ ಕೈಗೆ ಕೊಟ್ಟಳು.

"ತೋಳು ಸರಿಯಾಗಿ ಕೂತಿಲ್ಲ, ಕೈಗೆ ಗೊತ್ತಾಗ್ತಿದೆ. ಎಲ್ಲಿ ತಪ್ಪಿದೀನಿ ನೋಡಿ ಹೇಳಮ್ಮ, ನಂಗೆ ಕಾಣ್ತಿಲ್ಲ."

ಸೊಸೆ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಹಿಂದೆಮುಂದೆ ತಿರುಗಿಸಿ ನೋಡಿದಳು. ಪಾಪ, ಸುಳ್ಳು ಹೇಳುವ ಹುಡುಗಿಯಲ್ಲ.

"ಅತ್ತೆ, ನಂಗೆ ಎಲ್ಲಾ ಸರಿಯಾಗೇ ಕಾಣ್ತಿದೆ."

ಅಕ್ಕ ಬೈಯಲಿಲ್ಲ. ಕತ್ತರಿಯನ್ನು ತಡವಿ ಹುಡುಕಿ, ಮುಚ್ಚಿ, ಸೊಸೆಯ ಮಡಿಲಲ್ಲಿಟ್ಟಳು.

"ಇಷ್ಟು ದಿನ ಯಾಕೆ ನನ್ನ ಬೈಲಿಲ್ವೇ ನೀನು?"

ಕೇಳಿದ್ದು ನನ್ನನ್ನು. ಮುಖ ಮಾತ್ರ ನನ್ನ ಪಕ್ಕದಲ್ಲಿದ್ದ ಖಾಲಿ ಸ್ಟೂಲಿನ ಕಡೆಗಿತ್ತು.