ಬ್ಯಾಸ್ಕೆಟ್‌ಬಾಲ್ ಕ್ಯಾಪ್ಟನ್ ಹೆಣ್ಣು ನೋಡಲು ಬಂದದ್ದು

ನನ್ನನ್ನು ನೋಡಲು ಬಂದ ಗಂಡು ಚಾಪೆಯ ಮೇಲೆ ತಮ್ಮ ಪದಕಗಳನ್ನು ಹರಡಿಕೊಂಡು ಕೂತಿದ್ದರು. ಎರಡನೇ ಮಹಾಯುದ್ಧದ ಕಾಲ. ಚಿಕ್ಕರಸಿನಕೆರೆಯ ನಮ್ಮ ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಎಂಬ ಹೆಸರನ್ನೇ ಯಾರೂ ಕೇಳಿರಲಿಲ್ಲ. ಅವರ ಸೋದರಮಾವ ಒಂದೊಂದನ್ನೇ ಎತ್ತಿ ತೋರಿಸಿದರು: ಇದು ಕಾಲೇಜಿನದು, ಇದು ಮೈಸೂರು ಸಂಸ್ಥಾನದ ತಂಡಕ್ಕೆ ಕ್ಯಾಪ್ಟನ್ ಆದಾಗಿನದು, ಇದು ಮದರಾಸಿನಲ್ಲಿ ಗೆದ್ದದ್ದು.

“ಅದೆಲ್ಲಾ ಸರಿ ಬುಡಿ. ಒಟ್ಟೆಪಾಡ್ಗೆ ಏನ್ ಮಾಡ್ತರೆ?” ಎಂದರು ಅಪ್ಪ.

“ಆಟ ನೋಡೇ ಸಿವನಸಮುದ್ರದ ಪವರ್ ಹೌಸ್ನಲ್ಲಿ ಕೆಲ್ಸ ಕೊಟ್ಟವ್ರೆ. ಅಲ್ಲೂ ಆಡಾದೇ ಕೆಲ್ಸ,” ಎಂದರು ಸೋದರಮಾವ.

“ಕರೆಂಟ್ ಆಪೀಸು ಅಂತ ಮೊದ್ಲೇ ಏಳಬಾರ್ದಾ?”

ಅಪ್ಪ ಪದಕಗಳನ್ನು ಪಕ್ಕಕ್ಕೆ ತಳ್ಳಿ ಉಪ್ಪಿಟ್ಟಿನ ತಟ್ಟೆಗೆ ಜಾಗ ಮಾಡಿದರು. ಗಂಡು ಅವನ್ನು ಒಂದೊಂದಾಗಿ ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಂಡರು. ಬಾಗಿಲ ಸಂದಿಯಿಂದ ಆ ಮುಖ ನೋಡಿದ್ದೇ ನಾನು ಮನಸ್ಸಿನಲ್ಲಿ ಒಪ್ಪಿಬಿಟ್ಟೆ.

ಮದುವೆಯ ನಂತರವೂ ಇವರು ಸಂಸ್ಥಾನಕ್ಕೆ ಆಡಿ ಗೆದ್ದರು. ಅಪ್ಪ ಒಂದು ಆಟವನ್ನೂ ನೋಡಲಿಲ್ಲ. ಆದರೆ ಊರಿಗೆ ಕರೆಂಟು ಬಂದ ಸಂಜೆ ಬೀದಿದೀಪದ ಕೆಳಗೆ ನಿಂತು, “ನಮ್ಮಳಿಮಯ್ಯ ಕಳಿಸವ್ರೆ ಕಣ್ರಲಾ,” ಎಂದು ಎಲ್ಲರಿಗೂ ಹೇಳಿದರು. ಪಕ್ಕದಲ್ಲೇ ಇದ್ದ ಇವರು ಇಲ್ಲವೆನ್ನಲಿಲ್ಲ.